ಮುಳುಗಿದ ಊರಿನ ಚಿತ್ರ

ನಿಸರ್ಗಚಿತ್ರದಲ್ಲಿ ಏನನ್ನು ಬರೆಯಬೇಕೆಂಬುದಕ್ಕಿಂತ ಏನನ್ನು ಬಿಡಬೇಕೆಂಬುದೇ ಕಠಿಣವಾದ ಪ್ರಶ್ನೆಯು. ಜಮಖಂಡಿಯ ಒಬ್ಬ ಚಿತ್ರಕಾರನಿಗೆ ಈ ಪ್ರಶ್ನೆಯು ಕೇವಲ ಕಲೆಯದಾಗಿರಲಿಲ್ಲ. ಮುಧೋಳದ ಕಡೆಯಿಂದ ಬರುವ ಘಟಪ್ರಭೆಯು ಕೃಷ್ಣೆಯನ್ನು ಕೂಡುವ ಬೀಳಗಿ ಸೀಮೆಯಲ್ಲಿ ಅವನ ಹುಟ್ಟೂರಿತ್ತು. 2005ರಲ್ಲಿ ಪೂರ್ಣಗೊಂಡ ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿನಲ್ಲಿ ಅದು ಮುಳುಗಿಹೋಯಿತು. ನೀರು 519.60 ಮೀಟರಿನ ಮಟ್ಟವನ್ನು ಮುಟ್ಟಿದಾಗ ಅಲ್ಲಿ ಬರಿಯ ಒಂದು ಗೆರೆ ಕಾಣುವದು. ಆ ಊರನ್ನು ಪಟದ ಮೇಲೆ ತರುವೆನೆಂದು ಅವನು ತನ್ನ ವೃದ್ಧ ತಾಯಿಗೆ ಮಾತು ಕೊಟ್ಟಿದ್ದನು.

ಮೊದಲು ಅವನು ನೆನಪಿದ್ದುದನ್ನೆಲ್ಲ ಬರೆದನು: ಅಗಸಿ, ಬೇವಿನ ಮರ, ಹಗೇವು, ಮನೆಯ ಕಟ್ಟೆ. ಚಿತ್ರವು ಪಂಚನಾಮೆಯ ಯಾದಿಯಂತಾಯಿತೇ ಹೊರತು ಊರು ಅದರಲ್ಲಿ ಬರಲಿಲ್ಲ. 1960ರಲ್ಲಿ ಕಾಶಿಗೆ ಹೋದ ಚಿತ್ರಕಾರ ರಾಮ್‌ಕುಮಾರರ ಪಟಗಳಿಂದ ಮನುಷ್ಯಾಕೃತಿಗಳು ಮರೆಯಾಗಿ, ಘಟ್ಟಗಳೂ ಮನೆಗಳೂ ಕ್ರಮೇಣ ಬಣ್ಣದ ಪಟ್ಟೆಗಳಾದುದು ಅವನಿಗೆ ನೆನಪಾಯಿತು. ವಸ್ತುಗಳನ್ನೆಲ್ಲ ಅಳಿಸಿ, ಕೆಳಗೆ ಎರೆಭೂಮಿಯ ಕಪ್ಪು, ಮೇಲೆ ಹಿನ್ನೀರಿನ ಬೂದುಬಣ್ಣ, ಹೀಗೆ ಪಟವನ್ನು ಸಮಭಾಗ ಮಾಡಿದನು. ಎರಡರ ತೂಕವೂ ಒಂದೇ ಆಗಿ ಚಿತ್ರವು ನಿರ್ಜೀವವಾಯಿತು.

ಹೀಗಿರಲು ಒಂದು ದಿನ ಬನಹಟ್ಟಿಗೆ ಹೋದವನು ನೇಕಾರರ ಮನೆಯಲ್ಲಿ ಸೀರೆ ನೇಯುವದನ್ನು ನೋಡುತ್ತ ಕುಳಿತನು. ವಿಶಾಲವಾದ ಒಡಲು ಬರಿದಾಗಿತ್ತು. ಕಿರಿದಾದ ದಡಿಯೇ ಕಣ್ಣನ್ನು ಸೆಳೆಯುತ್ತಿತ್ತು. ಕಾರಣ ಕೇಳಲು ಮುದುಕ ನೇಕಾರನು, "ಒಡಲು ಖಾಲಿ ಬಿಟ್ರನ ದಡಿ ಎದ್ದು ಕಾಣತೈತಿ, ತಮ್ಮಾ. ಎರಡೂ ಸರಿಸಮ ಆದ್ರ ಅದು ಸೀರಿ ಅಲ್ಲ, ಜಮಖಾನಿ" ಎಂದು ನಕ್ಕನು.

ಮರಳಿ ಬಂದವನೇ ಪಟದ ಆರು ಪಾಲಿನಲ್ಲಿ ಐದನ್ನು ನೀರಿಗೆ ಬಿಟ್ಟನು. ತಳದಲ್ಲಿ ಎರೆಯ ಕಪ್ಪು ದಡಿಯಂತೆ ಉಳಿಯಿತು. ಅದರ ಮೇಲ್ಗಡೆ ಕೆಮ್ಮಣ್ಣಿನ ಬಣ್ಣದ ಒಂದು ಚಿಕ್ಕ ಗೆರೆಯನ್ನಿಟ್ಟನು. ನಟ್ಟನಡುವೆ ಇಟ್ಟಾಗ ಅದು ಬರಿಯ ಅಲಂಕಾರವಾಗಿ ತೋರಿತು. ಎಡಕ್ಕೆ ಸರಿಸಿದೊಡನೆ ಅಷ್ಟೂ ನೀರಿನ ಭಾರವು ಅದರ ಮೇಲೆಯೇ ಬಿದ್ದಂತಾಯಿತು. ಅಲ್ಲಿಗೆ ಅವನು ಕುಂಚವನ್ನು ಕೆಳಗಿಟ್ಟನು.

ತಾಯಿಯು ಬಹಳ ಹೊತ್ತು ನೋಡಿದಳು. ಅಗಸಿಯೆಲ್ಲಿ, ಬೇವೆಲ್ಲಿ ಎಂದು ಕೇಳಲಿಲ್ಲ. ಕೆಂಪು ಗೆರೆಯ ಮೇಲೆ ಬೆರಳಿಟ್ಟು, "ಊರ ಬಿಡೂ ದಿನಾನೂ ಹೊಸ್ತಿಲಕ್ಕ ಕೆಮ್ಮಣ್ಣ ಬಳದ ಬಂದಿದ್ನೆಪಾ" ಎಂದಳು.

ಮಗನಿಗೆ ಈ ಸಂಗತಿಯು ಅದುವರೆಗೆ ತಿಳಿದಿರಲಿಲ್ಲ. ಆ ಚಿತ್ರಕ್ಕೆ ಅವನು ಮತ್ತೇನನ್ನೂ ಕೂಡಿಸಲಿಲ್ಲ.