ಹಳ್ಳದ ಕರೆಂಟು, ಗಣಿತದ ಪೀರಿಯಡ್ಡು

ಆ ವರ್ಷ ಆರಿದ್ರಾ ಮಳೆ ಹಿಡಿದದ್ದು ಬಿಡಲೇ ಇಲ್ಲ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆ ಬಿಟ್ಟು ಒಳಗೆ ಇಳಿದರೆ ಸಿಗುತ್ತಿದ್ದ ಹೈಸ್ಕೂಲು ನಮ್ಮದು. ಹಂಚಿನ ಮಾಡು, ಮುಂದೆ ಉದ್ದಕ್ಕೂ ಜಗಲಿ, ಜಗಲಿ ತುಂಬಾ ನೀರಿಳಿಯುವ ಕೊಡೆಗಳು. ನಾನು ಅಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಅಂಥ ಮಳೆಯಲ್ಲಿ ಬೆಂಗಳೂರಿನಿಂದ ನಮ್ಮ ಹಳೇ ವಿದ್ಯಾರ್ಥಿಗಳು ಜೀಪು ಮಾಡಿಕೊಂಡು ಬಂದು ರಟ್ಟಿನ ಡಬ್ಬಿ ಇಳಿಸಿದರು. ಒಳಗೆ ಟ್ಯಾಬ್ಲೆಟ್ಟುಗಳು. ಹದಿನೈದೋ ಹದಿನಾರೋ, ಸರಿಯಾಗಿ ನೆನಪಿಲ್ಲ. ಒಂಬತ್ತನೇ ಕ್ಲಾಸೊಂದರಲ್ಲೇ ನಲವತ್ತು ಚಿಲ್ಲರೆ ಮಕ್ಕಳಿದ್ದರು, ಅಷ್ಟು ಗೊತ್ತು.

ನಮ್ಮ ಹೆಡ್ ಮೇಷ್ಟ್ರಿಗೆ ಇಂಥದ್ದೆಂದರೆ ಪ್ರಾಣ. ಕಪಿಲ್ ಸಿಬಲ್ ಮಂತ್ರಿಯಾಗಿದ್ದಾಗ, 2011ರಲ್ಲಿ, ದೆಹಲಿಯಲ್ಲಿ ‘ಆಕಾಶ್’ ಅನ್ನುವ ಅಗ್ಗದ ಟ್ಯಾಬ್ಲೆಟ್ಟು ಬಿಡುಗಡೆಯಾಯಿತಲ್ಲ, ಆ ಸುದ್ದಿಯನ್ನು ಪೇಪರಿನಿಂದ ಕತ್ತರಿಸಿ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದರು. ಅದು ಕಾಲೇಜು ಹುಡುಗರಿಗೆ ಅಂತ ಮಾಡಿದ್ದು, ಎರಡು ಸಾವಿರ ಚಿಲ್ಲರೆ ರೂಪಾಯಿಯದು. ನಮ್ಮ ಮಕ್ಕಳ ಕೈಗೂ ಒಂದು ದಿನ ಬರುತ್ತೆ ಅಂತ ಅವರು ಆವತ್ತೇ ಹೇಳಿದ್ದರು. ಬಂದದ್ದು ಬೇರೆ ಬೇರೆ ಕಂಪನಿಯವು, ಕೆಲವು ಹೊಸವು, ಕೆಲವು ಯಾರೋ ಬಳಸಿ ಬಿಟ್ಟವು. ಒಂದರ ಚಾರ್ಜರಿನ ಪಿನ್ನು ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಗುಮಾಸ್ತರು ಒಂದೊಂದು ಚಾರ್ಜರಿಗೂ ದಾರ ಕಟ್ಟಿ, ಅದೇ ಬಣ್ಣದ ದಾರವನ್ನು ಟ್ಯಾಬ್ಲೆಟ್ಟಿನ ಚೀಲಕ್ಕೂ ಕಟ್ಟಿದರು. ದಾರ ಅದಲುಬದಲಾದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಗಣಿತದ ಮೇಷ್ಟ್ರು ಮಾತ್ರ ಡಬ್ಬಿಯ ಹತ್ತಿರವೇ ಸುಳಿಯಲಿಲ್ಲ. ಬೋರ್ಡಿನ ಮೇಲೆ ಕೈವಾರವಿಲ್ಲದೆ ಒಂದೇ ಬೀಸಿಗೆ ವೃತ್ತ ಎಳೆಯುತ್ತಿದ್ದ ಮನುಷ್ಯ ಅವರು. ಎಳೆದು ಪಕ್ಕಕ್ಕೆ ಸರಿದು ತಾವೇ ಒಂದು ಗಳಿಗೆ ನೋಡುತ್ತಾ ನಿಲ್ಲುತ್ತಿದ್ದರು. ಮಳೆಗಾಲದಲ್ಲಿ ಅವರ ಚೀಲದಲ್ಲಿ ಹಲಸಿನ ಹಪ್ಪಳ ಇರಲೇಬೇಕು. ಬಿಸಿಯೂಟದ ಅಡುಗೆಯಕ್ಕ ನೀರು ಕಾಯಿಸುವ ಸೌದೆ ಒಲೆಯ ಕೆಂಡದಲ್ಲಿ ಸುಟ್ಟು, ಕೊಬ್ಬರಿ ಎಣ್ಣೆ ಸವರಿ, ನಮಗೆಲ್ಲ ಅರ್ಧರ್ಧ ಕೊಡುತ್ತಿದ್ದರು. ಹೆಡ್ ಮೇಷ್ಟ್ರು ಅವರನ್ನೇ ಕೇಳಿದರು, "ಎಂಥ ಮಾರಾಯ್ರೇ, ನೀವೇ ಶುರು ಮಾಡಿ." ಇವರು ಹಪ್ಪಳ ಮುರಿಯುತ್ತಾ, "ಒಂದು ಕೊಡಿ, ಮನೆಗೆ ಒಯ್ತೀನಿ. ನನಗೆ ಗೊತ್ತಾಗದೆ ಮಕ್ಕಳ ಕೈಗೆ ಕೊಡಲ್ಲ" ಅಂದರು. ವಾರಗಟ್ಟಲೆ ಅದು ಅವರ ಮನೆಯಲ್ಲೇ ಇತ್ತು. ಹೆಡ್ ಮೇಷ್ಟ್ರಿಗೆ ಚಡಪಡಿಕೆ, ಇವರಿಗೆ ಅವಸರವೇ ಇಲ್ಲ.

ಅಷ್ಟರಲ್ಲಿ ಕರೆಂಟಿನ ಕಥೆ. ನಮ್ಮ ಕಡೆ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಮೂರು ದಿನ ಕತ್ತಲೆ, ಒಮ್ಮೊಮ್ಮೆ ವಾರ. ಟ್ಯಾಬ್ಲೆಟ್ಟುಗಳು ಒಂದೊಂದಾಗಿ ಆರಿದವು. ಆಗ ನೆನಪಾದದ್ದು ಗುಡ್ಡದ ಕೆಳಗಿನ ತೋಟದ ಮನೆ. ಮಲೆನಾಡಿನ ಎಷ್ಟೋ ಒಂಟಿ ಮನೆಗಳವರು ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ, ಕೆಳಗೆ ಪುಟ್ಟ ಟರ್ಬೈನು ಕೂರಿಸಿ ಮನೆಮಟ್ಟಿಗೆ ಕರೆಂಟು ಮಾಡಿಕೊಂಡಿದ್ದಾರೆ. ಒಂದು ಕಿಲೋವ್ಯಾಟ್ ಬಂದರೆ ದೀಪಕ್ಕೆ, ಟೀವಿಗೆ ಧಾರಾಳ. ಮಳೆ ಜೋರಾಗಿ ಊರಿನ ಲೈನು ಹೋದಾಗಲೇ ಹಳ್ಳ ತುಂಬಿ ಅಲ್ಲಿ ದೀಪ ಝಗಝಗ ಉರಿಯುತ್ತಿತ್ತು. ಸಂಜೆ ನಾನೂ ಡ್ರಿಲ್ ಮೇಷ್ಟ್ರೂ ಟ್ಯಾಬ್ಲೆಟ್ಟುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಗೊಬ್ಬರದ ಚೀಲದಲ್ಲಿ ಹಾಕಿ, ಜಿಗಣೆ ಕೀಳುತ್ತಾ ಕಾಲುದಾರಿಯಲ್ಲಿ ಇಳಿಯುತ್ತಿದ್ದೆವು. ಆ ಮನೆಯ ಅಮ್ಮ, "ಮೇಷ್ಟ್ರೇ, ಮೊದಲು ಅವಕ್ಕೆ ಹೊಟ್ಟೆಗೆ ಹಾಕಿ, ಆಮೇಲೆ ನೀವು ಕೂತ್ಕಳಿ" ಅನ್ನುತ್ತಿದ್ದರು. ಕೂತರೆ ಬಿಸಿ ಕಡುಬು, ಕಳಲೆ ಪಲ್ಯ. ಕಳಲೆಯನ್ನು ಹೆಚ್ಚಿ, ದಿನಾ ನೀರು ಬದಲಿಸಿ ನೆನೆಸಿ ಕಹಿ ತೆಗೆಯುವ ಅವರ ಹದ ಊರಿಗೇ ಗೊತ್ತಿತ್ತು. ಸೊಸೆ ಮಾಡಿದರೆ ಬಾಯಿಗಿಡುವ ಮೊದಲೇ ವಾಸನೆಯಲ್ಲಿ ಕಂಡುಹಿಡಿಯುತ್ತಿದ್ದರಂತೆ. ಇರಲಿ, ಕಡುಬಿನ ಮಾತಿಗೆ ಹೋದರೆ ನಾನು ಶಾಲೆಗೆ ವಾಪಸು ಬರುವುದಿಲ್ಲ.

ಕನ್ನಡದ ಮೇಡಂಗೆ ಇನ್ನೊಂದು ಸಂಕಟ. ಹಳೇ ಟ್ಯಾಬ್ಲೆಟ್ಟುಗಳಲ್ಲಿ ಕನ್ನಡ ಪುಟ ತೆಗೆದರೆ ಬರೀ ಖಾಲಿ ಚೌಕಗಳ ಸಾಲು. ಆಂಡ್ರಾಯ್ಡಿಗೆ ಕನ್ನಡ ಅಕ್ಷರ ಸೇರಿದ್ದೇ 2012ರ 4.1ನೇ ಆವೃತ್ತಿಯಲ್ಲಿ, ಅದಕ್ಕೂ ಹಿಂದಿನವಕ್ಕೆ ನಮ್ಮ ಭಾಷೆ ಇದೆ ಅಂತಲೇ ಗೊತ್ತಿರಲಿಲ್ಲ. ಮೇಡಂ ಪಾಠವನ್ನು ಫೋಟೋ ಹೊಡೆದು ಚಿತ್ರವಾಗಿ ಹಾಕಿ ನೋಡಿದರು, ಕಣ್ಣಿಗೆ ಕಷ್ಟ. ಕಡೆಗೆ ಓದುವುದಕ್ಕೆ ಬೇಡವೇ ಬೇಡ, ಕೇಳುವುದಕ್ಕೆ ಇರಲಿ ಅಂತ ತೀರ್ಮಾನಿಸಿದರು. ಕುಮಾರವ್ಯಾಸನ ಪದ್ಯವನ್ನು ಮಕ್ಕಳು ತಾವೇ ಓದಿ ರೆಕಾರ್ಡು ಮಾಡುವುದು, ಕೇಳುವುದು, ತಪ್ಪಿದಲ್ಲಿ ಮತ್ತೆ ಓದುವುದು. ಭಾಮಿನಿ ಷಟ್ಪದಿಯ ಮೂರು ನಾಲ್ಕು ಮಾತ್ರೆಯ ಗಣ ಎಲ್ಲಿ ಮುರಿಯಿತು ಅಂತ ತಮ್ಮ ದನಿ ಕೇಳುತ್ತಾ ಚಿಟಿಕೆ ಹೊಡೆದು ಹಿಡಿಯುತ್ತಿದ್ದರು. ಕ್ಲಾಸಿನಲ್ಲಿ ಎದ್ದು ನಿಂತರೆ ತೊದಲುತ್ತಿದ್ದ ಒಬ್ಬ ಹುಡುಗ ಟ್ಯಾಬ್ಲೆಟ್ಟು ತೆಗೆದುಕೊಂಡು ಸೌದೆ ಕೊಟ್ಟಿಗೆಗೆ ಹೋಗಿ ಒಬ್ಬನೇ ಓದಿಕೊಂಡು ಬರುತ್ತಿದ್ದ. ಅವನ ರೆಕಾರ್ಡಿನಲ್ಲಿ ಮಳೆಯ ಸದ್ದೇ ಹೆಚ್ಚು. ಆದರೂ ಮೇಡಂ ಅದನ್ನು ಪೂರ್ತಿ ಕೇಳಿ, ಎಲ್ಲರೆದುರು ಏನೂ ಹೇಳದೆ, ಅವನ ನೋಟ್ಸಿನಲ್ಲಿ ಮಾತ್ರ ಎರಡು ಸಾಲು ಬರೆದುಕೊಟ್ಟಿದ್ದರು.

ಈಗ ಗಣಿತಕ್ಕೆ ಬರುತ್ತೇನೆ. ಒಂದು ದಿನ ಮೇಷ್ಟ್ರು ತಾವಾಗಿ, "ನಾಳೆ ಒಂಬತ್ತನೇ ಕ್ಲಾಸಿಗೆ ತನ್ನಿ, ಮೂವರಿಗೆ ಒಂದು ಸಾಕು" ಅಂದರು. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಜಿಯೋಜೀಬ್ರಾ ಅನ್ನುವ ತಂತ್ರಾಂಶದಲ್ಲಿ ಒಂದು ಗೆರೆ ಎಳೆಸಿದರು, ಎರಡು ತುದಿಗೆ ಎ ಮತ್ತು ಬಿ. ಮೇಲೆ ಸಿ ಅಂತ ಒಂದು ಬಿಂದು. ಸಿಯಿಂದ ಎರಡೂ ತುದಿಗೆ ಗೆರೆ ಸೇರಿಸಿದರೆ ಅಲ್ಲೊಂದು ಕೋನ, ಪಕ್ಕದಲ್ಲಿ ಅದರ ಅಳತೆ. ಸಿಯನ್ನು ಬೆರಳಿನಲ್ಲಿ ಎಳೆದ ಹಾಗೆ ಅಂಕಿ ಬದಲಾಗುತ್ತದೆ. "ಸರಿಯಾಗಿ 90 ಬರುವಲ್ಲಿ ನಿಲ್ಲಿಸಿ, ಅಲ್ಲೊಂದು ಚುಕ್ಕಿ ಇಡಿ" ಅಂದರು, ಅಷ್ಟೇ. ವೃತ್ತ ಅನ್ನುವ ಮಾತನ್ನೇ ಎತ್ತಲಿಲ್ಲ.

ಕ್ಲಾಸು ಬಗ್ಗಿ ಕೂತಿತು. 89.7, 90.4, ಅಯ್ಯೋ ಹೋಯ್ತು, ಸ್ವಲ್ಪ ಹಿಂದೆ ತಗೋ. ಮಳೆಯಲ್ಲಿ ನೆನೆದ ಕೈಗೆ ಪರದೆ ಒಲಿಯದೆ ಲಂಗಕ್ಕೆ ಒರೆಸಿಕೊಂಡು ಮತ್ತೆ ಎಳೆದರು. ಒಬ್ಬರು ಎಳೆದರೆ ಒಬ್ಬರು ಅಂಕಿ ಓದುತ್ತಾರೆ, ಮೂರನೆಯವರು ಜಗಳ ತೆಗೆಯುತ್ತಾರೆ. ಚುಕ್ಕಿ ಹತ್ತಾಯಿತು, ಹದಿನೈದಾಯಿತು. ಬಾಗಿಲ ಪಕ್ಕದ ಬೆಂಚಿನ ಒಬ್ಬಳು ಹುಡುಗಿ, ವರ್ಷವೆಲ್ಲ ಬಾಯಿ ಬಿಡದವಳು, "ಸಾರ್, ಇದು ರೌಂಡಾಗ್ತಾ ಇದೆ" ಅಂದಳು. ಮೇಷ್ಟ್ರು ಅವಳ ಹತ್ತಿರ ಹೋಗಿ ಬಗ್ಗಿ ನೋಡಿ, "ಗೆರೆಯ ಕೆಳಗೂ ನೋಡು" ಅಂದರು. ಕೆಳಗೂ ಚುಕ್ಕಿಗಳು ಸೇರಿ ಇಡೀ ವೃತ್ತ ತಾನಾಗಿ ಎದ್ದಿತು, ಎ-ಬಿ ಅದರ ವ್ಯಾಸ. "ಒಳಗೆ ಎಳೆದರೆ?" ವಿಶಾಲಕೋನ. "ಹೊರಗೆ?" ಲಘುಕೋನ. ಗಡಿಯ ಮೇಲೆ ಮಾತ್ರ ಲಂಬಕೋನ. ಅರ್ಧವೃತ್ತದಲ್ಲಿನ ಕೋನ ಲಂಬಕೋನ ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೆವಲ್ಲ, ಅದನ್ನು ಆ ಮಕ್ಕಳು ಹೇಳಿಸಿಕೊಳ್ಳದೆ ಕಂಡರು.

ಆಮೇಲೆ ಮೇಷ್ಟ್ರು ಟ್ಯಾಬ್ಲೆಟ್ಟುಗಳನ್ನು ಬೋರಲು ಇಡಿಸಿ ಬೋರ್ಡಿಗೆ ಹೋದರು. ಯಾಕೆ ಹೀಗೆ ಅಂತ ಸಾಧಿಸಿ ತೋರಿಸಲು ಅವರಿಗೆ ಸೀಮೆಸುಣ್ಣವೇ ಬೇಕು. ಕೇಂದ್ರದಿಂದ ಸಿಗೆ ಒಂದು ತ್ರಿಜ್ಯ ಎಳೆದರು, ಎರಡು ಸಮದ್ವಿಬಾಹು ತ್ರಿಭುಜ ಬಂದವು, ಉಳಿದದ್ದನ್ನು ಮಕ್ಕಳೇ ಮುಗಿಸಿದರು. ಮರುದಿನ ಬಡಗಿಯ ಮಗ ಅಪ್ಪನ ಮೂಲೆಮಟ್ಟ ತಂದಿದ್ದ. ದುಂಡು ದಿಮ್ಮಿಯ ತುದಿಗೆ ಮಟ್ಟದ ಮೂಲೆ ತಾಗಿಸಿ, ಎರಡು ಕೈ ಅಂಚನ್ನು ಮುಟ್ಟಿದಲ್ಲಿ ಗುರುತು ಹಾಕಿ ಗೆರೆ ಎಳೆದರೆ ನಡುವಿನ ಗೆರೆ ಸಿಗುತ್ತೆ, ಮಟ್ಟ ತಿರುಗಿಸಿ ಇನ್ನೊಂದು ಎಳೆದರೆ ಎರಡೂ ಕೂಡುವಲ್ಲಿ ಕೇಂದ್ರ. "ಅಪ್ಪ ಯಾವಾಗಲೂ ಹೀಗೇ ಮಾಡ್ತಾರೆ ಸಾರ್" ಅಂದ. ಮೇಷ್ಟ್ರು ಅವನನ್ನು ಬೋರ್ಡಿನ ಹತ್ತಿರ ನಿಲ್ಲಿಸಿ ಪಾಠ ಮಾಡಿಸಿದರು, ತಾವು ಬೆಂಚಿನಲ್ಲಿ ಕೂತು ಕೇಳಿದರು.

ಹೆಚ್ಚುಕಮ್ಮಿ ಅದೇ ಕಾಲಕ್ಕೆ ಅಮೆರಿಕದ ಲಾಸ್ ಏಂಜಲೀಸಿನ ಸರ್ಕಾರಿ ಶಾಲೆಗಳು ಮಗುವಿಗೊಂದು ಐಪ್ಯಾಡ್ ಕೊಡಲು ಹೊರಟಿದ್ದವು. 2013ರ ಮಾತು, ಒಟ್ಟು 130 ಕೋಟಿ ಡಾಲರಿನ ಯೋಜನೆ. ಮಕ್ಕಳು ಸ್ವಲ್ಪ ದಿನದಲ್ಲೇ ಅದರ ಬೀಗ ಬಿಚ್ಚಿಕೊಂಡರು, ಮೇಷ್ಟ್ರುಗಳಿಗೆ ತಯಾರಿ ಸಾಲಲಿಲ್ಲ, ಮರುವರ್ಷ ಗುತ್ತಿಗೆಯನ್ನೇ ತಡೆಹಿಡಿದರು. ಅದನ್ನು ಓದಿದಾಗ ನನಗೆ ನಮ್ಮ ಗಣಿತದ ಮೇಷ್ಟ್ರು ಮನೆಗೊಯ್ದ ಆ ಒಂದು ಟ್ಯಾಬ್ಲೆಟ್ಟಿನ ಬೆಲೆ ಗೊತ್ತಾಯಿತು. ನಮ್ಮಲ್ಲಿ ದುಡ್ಡು ಕಡಿಮೆ ಇತ್ತು, ಆದರೆ ಪಾಠ ಮೊದಲು ತಯಾರಾಯಿತು, ಯಂತ್ರ ಆಮೇಲೆ ಕ್ಲಾಸಿಗೆ ಬಂತು. ಇದ್ದ ಟ್ಯಾಬ್ಲೆಟ್ಟು ಮೂವರಿಗೆ ಒಂದೇ ಬರುತ್ತಿತ್ತು, ಅದೂ ಒಳ್ಳೆಯದೇ ಆಯಿತು. ತಲೆಗೊಂದು ಕೊಟ್ಟಿದ್ದರೆ ಆ ಜಗಳ, ಆ ಮಾತು ಹುಟ್ಟುತ್ತಿರಲಿಲ್ಲ ಅಂತ ನಾನು ಈಗಲೂ ಗಟ್ಟಿಯಾಗಿ ಹೇಳುತ್ತೇನೆ.

ಬ್ಯಾಟರಿಗಳು ಒಂದೊಂದಾಗಿ ಉಬ್ಬಿದವು, ಕೆಲವು ಪರದೆ ಒಡೆದವು. ರಿಪೇರಿಗೆ ಶಿವಮೊಗ್ಗಕ್ಕೆ ಹೋಗಬೇಕು, ಅದಕ್ಕೆ ಯಾರೂ ದುಡ್ಡು ಇಟ್ಟಿರಲಿಲ್ಲ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿ, ಮೇಷ್ಟ್ರುಗಳೇ ಮಕ್ಕಳಿದ್ದಲ್ಲಿಗೆ ಹೋಗಿ ಪಾಠ ಹೇಳುವ ವಿದ್ಯಾಗಮ ಶುರುವಾದಾಗ ಉಳಿದಿದ್ದ ನಾಲ್ಕೈದನ್ನು ಗಣಿತದ ಮೇಷ್ಟ್ರು ಬೈಕಿನಲ್ಲಿ ಇಟ್ಟುಕೊಂಡು ದೇವಸ್ಥಾನದ ಜಗಲಿಗೂ ತೋಟದ ಮನೆ ಅಂಗಳಕ್ಕೂ ಹೋಗುತ್ತಿದ್ದರು. ನೆಟ್‌ವರ್ಕಿಗಾಗಿ ಮಕ್ಕಳು ಗುಡ್ಡ ಹತ್ತುತ್ತಿದ್ದ ಕಾಲ ಅದು. ಒಳಗೇ ತುಂಬಿಟ್ಟಿದ್ದ ಪಾಠಗಳಿಗೆ ನೆಟ್‌ವರ್ಕು ಬೇಕಿರಲಿಲ್ಲ.

ನೀವು ಓದಿದ ಊರ ಶಾಲೆಗೆ ಟ್ಯಾಬ್ಲೆಟ್ಟು ಕೊಡಿಸುವ ಮನಸ್ಸಿದ್ದರೆ ದಯವಿಟ್ಟು ಎಲ್ಲವನ್ನೂ ಒಂದೇ ಕಂಪನಿಯದು ಕೊಡಿಸಿ, ಮೂರನೇ ವರ್ಷದ ಬ್ಯಾಟರಿಗೂ ರಿಪೇರಿಗೂ ದುಡ್ಡು ಎತ್ತಿಡಿ. ಎಲ್ಲಕ್ಕಿಂತ ಮೊದಲು, ಬೇಸಿಗೆ ರಜೆ ಶುರುವಾಗುವ ಹೊತ್ತಿಗೆ ಅಲ್ಲಿನ ಮೇಷ್ಟ್ರಿಗೆ ಒಂದು ಕೊಟ್ಟು, ಯಾವ ಪಾಠಕ್ಕೆ ಇದು ಬೇಕು ಅಂತ ಕೇಳಿ. ಅವರು ಉತ್ತರ ಕೊಟ್ಟ ಮೇಲೆ ಉಳಿದದ್ದನ್ನು ಕಳಿಸಿ.