ಎರಡಡಿ ರೋಬೋ, ಇಪ್ಪತ್ತು ಸಂಚಿಕೆ

ನಮ್ಮ ಟೀಮಿನ ಪುಣ್ಯಾತ್ಮನೊಬ್ಬ ಹರಾಜಿನಲ್ಲಿ ಕೊಂಡ ಹಳೇ ರೇಡೀನ್ ರೋಬೋ ಒಂದನ್ನ ತಂದು ಡೆಸ್ಕ್ ಮೇಲೆ ನಿಲ್ಲಿಸಿದಾನೆ. ಎರಡಡಿ ಎತ್ತರ, ಪಾದದಡಿ ಚಕ್ರ. ಎತ್ತಿದ್ರೆ ಖಾಲಿ ಶಾಂಪೂ ಬಾಟಲಿ ಎತ್ತಿದ ಹಾಗೆ, ಒಳಗೆಲ್ಲ ಟೊಳ್ಳು. ಕೈಯಿಂದ ಹಾರಬೇಕಿದ್ದ ಮಿಸೈಲ್‌ಗಳು ಯಾವ ಮಂಚದ ಕೆಳಗೆ ಸೇರಿವೆಯೋ! ಜೊತೆಗೆ ಬಂದ ಕಾಮಿಕ್ಸ್ ಕಟ್ಟನ್ನ ನಂಗೆ ಓದೋಕೆ ಕೊಟ್ಟ. ಎರಡು ವಾರದಿಂದ ತಲೇಲಿ ಅದೇ ಓಡ್ತಿದೆ.

ಈ ಗೊಂಬೆಗಳ ಮೂಲ ಜಪಾನು. 1973ರಲ್ಲಿ ಪೋಪಿ ಅನ್ನೋ ಕಂಪನಿ ಮಾಜಿಂಗರ್ ಝಡ್ ರೋಬೋವನ್ನ ಪಾಲಿಥೀನ್‌ನಲ್ಲಿ ಮಾಡಿ 'ಜಂಬೋ ಮಷಿಂಡರ್' ಅಂತ ಮಾರ್ತು. ಎಪ್ಪತ್ತರ ದಶಕದ ಕೊನೆಗೆ ಮ್ಯಾಟೆಲ್ ಇಂಥ ಹಲವನ್ನ ಅಮೆರಿಕಕ್ಕೆ ತಂದು, ಎಲ್ಲಕ್ಕೂ ಸೇರಿಸಿ 'ಶೋಗನ್ ವಾರಿಯರ್ಸ್' ಅಂತ ಹೆಸರಿಡ್ತು. ಅಸಲಿಗೆ ಇವು ಒಂದೇ ಮನೆಯವಲ್ಲ. ರೇಡೀನ್ 1975ರ ಟಿವಿ ಧಾರಾವಾಹಿಯದು, ಕಾಂಬಾಟ್ರಾ 1976ರದು (ಅಲ್ಲಿನ ಹೆಸರು ಕಾಂಬಾಟ್ಲರ್ ವಿ), ಡ್ಯಾನ್‌ಗಾರ್ಡ್ ಏಸ್ 1977ರದು. ಕಥೆ, ಶತ್ರು, ಪೈಲಟ್ ಎಲ್ಲ ಬೇರೆ ಬೇರೆ.

1979ರಲ್ಲಿ ಮಾರ್ವೆಲ್ ಈ ಮೂರನ್ನ ಮಾತ್ರ ತಗೊಂಡು ಕಾಮಿಕ್ಸ್ ಶುರು ಮಾಡ್ತು. ಬರೆದವರು ಡಗ್ ಮೆಂಚ್, ಬಹುಪಾಲು ಚಿತ್ರ ಹರ್ಬ್ ಟ್ರಿಂಪ್ ಅವರದು. ಜಪಾನಿನ ಕಥೆಗಳನ್ನ ಪೂರ್ತಿ ಬಿಟ್ಟು ಹೊಸಾ ಪೈಲಟ್‌ಗಳನ್ನ ಹುಟ್ಟಿಸಿದ್ರು: ಅಮೆರಿಕದ ಸ್ಟಂಟ್‌ಮ್ಯಾನ್ ರಿಚರ್ಡ್ ಕಾರ್ಸನ್, ಜಪಾನಿನ ಟೆಸ್ಟ್ ಪೈಲಟ್ ಗೆಂಜಿ ಒಡಾಶು, ಮಡಗಾಸ್ಕರ್‌ನ ಸಮುದ್ರ ವಿಜ್ಞಾನಿ ಇಲೋಂಗೊ ಸ್ಯಾವೇಜ್. ಗೊಂಬೆ ಮಾರೋಕೆ ಮಾಡಿದ ಪುಸ್ತಕದಲ್ಲಿ ಮಡಗಾಸ್ಕರ್‌ನ ವಿಜ್ಞಾನಿ ಯಾಕ್ ಬೇಕಿತ್ತು ಹೇಳಿ? ಯಾರೂ ಕೇಳಿರ್ಲಿಲ್ಲ. ಬರೆಯೋ ಮನುಷ್ಯನಿಗೆ ಬೇಕಿತ್ತು ಅಷ್ಟೆ. ನಂಗೆ ಇಷ್ಟ ಆಗಿದ್ದೂ ಇದೇ. ಕಥೆಯೇನೂ ಮಹಾ ಅಲ್ಲ ಬಿಡಿ, ಪ್ರತಿ ತಿಂಗಳೂ ಒಂದು ದೈತ್ಯ, ಒಂದು ಗುದ್ದಾಟ :)

1980ರಲ್ಲಿ, 20 ಸಂಚಿಕೆಗೆ ನಿಂತೋಯ್ತು. ರೋಬೋಗಳು ಬಾಡಿಗೆ ಮಾಲು, ಪೈಲಟ್‌ಗಳು ಮಾತ್ರ ಮಾರ್ವೆಲ್‌ನ ಸ್ವಂತ ಆಸ್ತಿ. ನಮ್ಮ ಕೆಲಸದವರಿಗೆ ಇದು ತಕ್ಷಣ ಅರ್ಥ ಆಗತ್ತೆ. ಬೇರೆಯವರ ಲೈಬ್ರರಿ ಮೇಲೆ ಕೋಡ್ ಕಟ್ಟಿರ್ತೀವಿ. ಲೈಸೆನ್ಸ್ ಮುಗೀತು ಅಂದ್ರೆ ಅದನ್ನ ಕಿತ್ತು ಹಾಕ್ಬೇಕು. ನಾವು ಬರೆದ ಸಾಲುಗಳು ಉಳಿಯತ್ವೆ, ಆದ್ರೆ ಓಡಲ್ಲ.

ಮೆಂಚ್ ಏನ್ ಮಾಡಿದ್ರು ಗೊತ್ತಾ? 1981ರ 'ಫೆಂಟಾಸ್ಟಿಕ್ ಫೋರ್' 226ನೇ ಸಂಚಿಕೆಗೆ ಮೂವರು ಪೈಲಟ್‌ಗಳನ್ನ ಕರೆತಂದ್ರು. ರೋಬೋಗಳು ಅಷ್ಟರಲ್ಲೇ, ತೆರೆಮರೆಯಲ್ಲೇ ನಾಶ ಆಗಿಹೋಗಿರ್ತವೆ. ಇಪ್ಪತ್ತು ತಿಂಗಳು ಕಾಸು ಕೂಡಿಟ್ಟು ಓದಿದ ಹುಡುಗನಿಗೆ ಅವು ಬೀಳೋದನ್ನ ನೋಡೋ ಭಾಗ್ಯಾನೂ ಸಿಗಲಿಲ್ಲ. ಕೆಲವರಿಗೆ ಇದು ಅಗ್ಗದ ಉಪಾಯ ಅನ್ಸಬಹುದು. ನಂಗೆ ಹಾಗನ್ಸಲ್ಲ. ಸುಮ್ನೆ ಕೈಬಿಡಬಹುದಿತ್ತು, ತಾನು ಹುಟ್ಟಿಸಿದವರಿಗೆ ಒಂದು ಕೊನೆ ಕಾಣಿಸೋಣ ಅಂತ ಬೇರೆ ಪುಸ್ತಕದಲ್ಲಿ ಜಾಗ ಮಾಡಿಕೊಟ್ರಲ್ಲ.

1984ರಲ್ಲಿ ಹ್ಯಾಸ್‌ಬ್ರೊ ಜಪಾನಿನ ಟಕಾರಾ ಕಂಪನಿಯ ರೋಬೋಗಳನ್ನ 'ಟ್ರಾನ್ಸ್‌ಫಾರ್ಮರ್ಸ್' ಅಂತ ತಂದಾಗ್ಲೂ ಕಥೆ ಹೆಣೆಯೋಕೆ ಕರೆದದ್ದು ಮಾರ್ವೆಲ್‌ನವರನ್ನೇ. ಹೆಚ್ಚಿನ ಹೆಸರುಗಳು ಬಾಬ್ ಬುಡಿಯಾನ್ಸ್ಕಿ ಕೊಟ್ಟವು. ಈ ಸಲ ರೋಬೋಗೇ ಜೀವ ಕೊಟ್ರು, ಒಳಗೆ ಕೂರೋಕೆ ಪೈಲಟ್ ಬೇಕಿರ್ಲಿಲ್ಲ. ಆ ಕಾಮಿಕ್ಸ್ 1991ರವರೆಗೆ, 80 ಸಂಚಿಕೆ ಓಡ್ತು. ಹೆಸರುಗಳೆಲ್ಲ ಆಟಿಕೆ ಕಂಪನಿಗೇ ಸೇರಿದ್ವು.

ಇಲೋಂಗೊ ಮಾತ್ರ ಇವತ್ತಿಗೂ ಮಾರ್ವೆಲ್‌ನವನೇ. ಓಡಿಸೋಕೆ ರೋಬೋ ಇಲ್ಲ, ಅಷ್ಟೆ.