ರಾಣಿ ಪೆದ್ದಿಯಲ್ಲ, ಪುಟ್ಟಿ

ಮೈಸೂರು

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂತು. ಕಾರ್ನಾಡರ ‘ನಾಗಮಂಡಲ’ ನಾಟಕದಲ್ಲಿ ರಾಣಿಯ ಪಾತ್ರ ಸಿಕ್ಕಿತೆಂಬ ಖುಷಿಗಿಂತ ಆ ರಾಣಿಯ ಮೇಲಿನ ಸಿಟ್ಟೇ ಅದರಲ್ಲಿ ಜಾಸ್ತಿ ಇದೆ. “ಗಂಡನಿಗೂ ಹಾವಿಗೂ ವ್ಯತ್ಯಾಸ ಗೊತ್ತಾಗದಷ್ಟು ಪೆದ್ದಿಯಾ ಇವಳು, ಅತ್ತೆ?” ಅಂತ ಕೇಳಿದ್ದೀಯ. ನಾಟಕದೊಳಗೆ ಕಥೆ ಕೇಳುತ್ತ ಕೂತ ಆ ಮನುಷ್ಯನಿಗೂ ಇದೇ ಅನುಮಾನ. ಕಾರ್ನಾಡರು ಅದನ್ನು ಬೇಕೆಂದೇ ಅವನ ಬಾಯಲ್ಲಿ ಇಟ್ಟಿದ್ದಾರೆ.

ಮೊದಲು ಆ ಮನೆ ನೋಡು. ಗಂಡ ಅಪ್ಪಣ್ಣ ಮಧ್ಯಾಹ್ನ ಬರುತ್ತಾನೆ, ಸ್ನಾನ ಮಾಡಿ ಉಂಡು, ಹೊರಗಿನಿಂದ ಬೀಗ ಜಡಿದು ಸೂಳೆಯ ಮನೆಗೆ ಹೋಗುತ್ತಾನೆ. ರಾಣಿ ಜಗಳವಾಡುವಂತಿಲ್ಲ, ಓಡಿಹೋಗುವಂತಿಲ್ಲ, ಯಾರಿಗೂ ಹೇಳಿಕೊಳ್ಳುವಂತಿಲ್ಲ. ಅಂಥವಳಿಗೆ ಉಳಿಯುವುದು ಮನಸ್ಸೊಂದೇ. ಅದಕ್ಕೇ ಕನಸಿನಲ್ಲಿ ಹದ್ದು ಬಂದು ಅವಳನ್ನು ಏಳು ಸಮುದ್ರದಾಚೆ ಅಪ್ಪ-ಅಮ್ಮನ ಹತ್ತಿರ ಕರೆದೊಯ್ಯುತ್ತದೆ, ಚಿನ್ನದ ಕೊಂಬಿನ ಜಿಂಕೆ ತಾನು ರಾಜಕುಮಾರ ಎನ್ನುತ್ತದೆ. ಆ ಮಾತುಗಳನ್ನು ಹುಚ್ಚಿಯ ಹಾಗೆ ಕಣ್ಣರಳಿಸಿ ಹೇಳಬೇಡ. ಹಸಿದವಳು ಅನ್ನ ಕೇಳುವಷ್ಟು ಸಹಜವಾಗಿ ಹೇಳು.

ಆಮೇಲೆ ನಾಗ ಬರುತ್ತಾನೆ, ಅಪ್ಪಣ್ಣನ ರೂಪದಲ್ಲಿ. ಹಗಲಿನವನು ಗದರುತ್ತಾನೆ, ರಾತ್ರಿಯವನು ಕೂರಿಸಿಕೊಂಡು ತವರಿನ ವಿಷಯ ಕೇಳುತ್ತಾನೆ. ಹೊಡೆಯುವ ಕೈಯೇ ತಲೆ ಸವರುತ್ತದೆ ಎಂಬುದನ್ನು ತಡೆದುಕೊಳ್ಳುವುದು ಬಹಳ ಕಷ್ಟ. ಆಗ ಮನಸ್ಸು ಒಬ್ಬನನ್ನು ಇಬ್ಬರಾಗಿ ಸೀಳುತ್ತದೆ. “ಕುಡಿದಾಗ ಮಾತ್ರ ಹಾಗೆ, ಇಲ್ಲದಿದ್ದರೆ ದೇವರಂಥವರು” ಎನ್ನುವ ಹೆಂಗಸರನ್ನು ನೀನೂ ಕಂಡಿದ್ದೀಯ. ಅವರು ಮಾತಿನಲ್ಲಿ ಮಾಡುವ ಭಾಗವನ್ನು ಕಾರ್ನಾಡರು ರಂಗದ ಮೇಲೆ ಮಾಡಿದ್ದಾರೆ: ಒಳ್ಳೆಯ ಅರ್ಧಕ್ಕೆ ಬೇರೆಯದೇ ಜೀವ ಕೊಟ್ಟಿದ್ದಾರೆ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ 1988ರಲ್ಲಿ ಹುಟ್ಟಿದ ನಾಟಕ ಇದು. ಹೆಂಗಸರು ಅಡುಗೆಮನೆಯಲ್ಲಿ ಹೇಳಿಕೊಂಡು ಬಂದಂಥ ಕಥೆಗಳು ಅವು. ಬಾಯಿಬಿಟ್ಟು ಹೇಳಲಾಗದ್ದನ್ನು ಹಾವಿನ ಮೇಲೆ ಹಾಕಿ ಹೇಳಿದರೆ ಯಾರೂ ತಪ್ಪು ಹಿಡಿಯುವುದಿಲ್ಲ.

ಇನ್ನು ನಿನ್ನ ಪ್ರಶ್ನೆ. ರಾತ್ರಿಯವನ ಮೈ ತಣ್ಣಗಿರುವುದು ರಾಣಿಗೆ ತಿಳಿಯುತ್ತದೆ. ರಾತ್ರಿ ಕಂಡ ಗಾಯ ಹಗಲಿನವನ ಮೈಮೇಲೆ ಇಲ್ಲದ್ದೂ ತಿಳಿಯುತ್ತದೆ. ಕೇಳಬೇಡ ಎಂದು ಅವನು ಹೇಳಿದ್ದಾನೆ. ಕೇಳಿದರೆ ಆ ರಾತ್ರಿಗಳೇ ಹೋಗಿಬಿಟ್ಟಾವು ಎಂಬ ಭಯವೂ ಅವಳಿಗಿದ್ದೀತು. ಅಣ್ಣ ತೀರಿಕೊಂಡ ವರ್ಷ ನೀನು ಸಂಜೆಯಾದರೆ ಗೇಟಿನ ಚಿಲಕ ತೆಗೆದಿಡುತ್ತಿದ್ದೆ, ನೆನಪಿದೆಯಾ? ನಿಮ್ಮಪ್ಪ ಬರುವುದಿಲ್ಲ ಅಂತ ನಿನಗೆ ಚೆನ್ನಾಗಿ ಗೊತ್ತಿತ್ತು. ನಾವ್ಯಾರೂ ನಿನ್ನನ್ನು ಪೆದ್ದಿ ಅನ್ನಲಿಲ್ಲ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುವುದಕ್ಕೆ ಎಷ್ಟು ಶಕ್ತಿ ಬೇಕು ಅನ್ನುವುದು ನಿನ್ನಷ್ಟು ಚೆನ್ನಾಗಿ ನಿಮ್ಮ ತಂಡದಲ್ಲಿ ಇನ್ಯಾರಿಗೆ ಗೊತ್ತಿರುತ್ತದೆ?

ಆದರೆ ರಾಣಿ ಪೂರ್ತಿ ಸುಮ್ಮನಿರುವವಳೂ ಅಲ್ಲ. ಬಸುರಿಯಾದ ಮೇಲೆ ತನಗೂ ಬುದ್ಧಿಯಿದೆ ಎಂದು ರಾತ್ರಿಯವನ ಮುಂದೆಯೇ ಸಿಡಿಯುತ್ತಾಳೆ. ಆ ಜಾಗದಲ್ಲಿ ದನಿ ತಗ್ಗಿಸಬೇಡ. ಕೊನೆಗೆ ಬಸುರು ತನ್ನದಲ್ಲ ಎಂದು ಅಪ್ಪಣ್ಣ ಪಂಚರಿಗೆ ದೂರಿದಾಗ, ಹುತ್ತದ ಹಾವನ್ನು ಹಿಡಿದು, ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರೆ ಯಾರನ್ನೂ ಮುಟ್ಟಿಲ್ಲ ಎಂದು ಆಣೆ ಮಾಡುತ್ತಾಳಲ್ಲ, ಅಕ್ಷರಶಃ ನಿಜ ಅದು. ಬೀಗ ಹಾಕಿದ ಮನೆಯೊಳಗೆ ತನಗಾಗಿ ಕಟ್ಟಿಕೊಂಡ ಲೋಕವನ್ನು ಅವಳು ಊರ ಪಂಚರ ಮುಂದೆ ತಂದು ನಿಲ್ಲಿಸುತ್ತಾಳೆ.

ಆಮೇಲಿನ ತಮಾಷೆ ನೋಡು. ಊರಿಗೆ ಅರ್ಥವಾಗದ ಹೆಣ್ಣು ದೇವಿಯಾಗುತ್ತಾಳೆ. ಮಗು ತನ್ನದಲ್ಲ ಎಂದು ಗೊತ್ತಿದ್ದ ಅಪ್ಪಣ್ಣ ಕಾಲಿಗೆ ಬೀಳುತ್ತಾನೆ. ಇಷ್ಟು ದಿನ ಅವಳೊಬ್ಬಳೇ ಬಾಯಿ ಮುಚ್ಚಿಕೊಂಡಿದ್ದಳು, ಇನ್ನು ಮುಂದೆ ಆ ಸರದಿ ಅವನದು.

ಕಡೆಗೆ ಸತ್ತುಬಿದ್ದ ಆ ನಾಗನಿಗೆ ಮಗನ ಕೈಯಿಂದ ಸಂಸ್ಕಾರ ಮಾಡಿಸುವ ಹೊತ್ತಿಗಂತೂ ರಾಣಿಗೆ ಎಲ್ಲ ಗೊತ್ತು. ಯಾವ ರಾತ್ರಿ ಗೊತ್ತಾಯಿತು ಎಂಬುದನ್ನು ನಾಟಕ ಹೇಳುವುದಿಲ್ಲ. ಆ ರಾತ್ರಿಯನ್ನು ನೀನೇ ಆರಿಸಿಕೋ. ನಿರ್ದೇಶಕರಿಗೂ ಹೇಳಬೇಡ, ನನಗೂ ಹೇಳಬೇಡ. ನಾನು ಮುಂದಿನ ಸಾಲಿನಲ್ಲಿ ಕೂತು ಕಂಡುಹಿಡಿಯುತ್ತೇನೆ.

ಇಂತಿ ನಿನ್ನ
ಅತ್ತೆ